ಒಣ ಕಸದ ಕ್ಯಾನುಗಳನ್ನು ಜೇನಿನ ನೀರುತೊಟ್ಟಿಗೆ ಕೊಡಿಸುವಂತೆ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ದಾವಣಗೆರೆ.

ಇವರಿಂದ,
ನಿಟುವಳ್ಳಿಯ ನಿವಾಸಿಗಳು.

ವಿಷಯ: ಗಟ್ಟಿ ಪ್ಲಾಸ್ಟಿಕ್ ಕ್ಯಾನುಗಳನ್ನು ನಮ್ಮ ಬಡಾವಣೆಯ ಉದ್ಯಾನದಲ್ಲಿ ಜೇನ್ನೊಣಗಳಿಗೆ ನೀರುತೊಟ್ಟಿ, ಹೂಗಿಡಕ್ಕೆ ಕುಂಡವಾಗಿ ಬಳಸಲು ಅನುಮತಿ ಕೋರಿ.

ಮಾನ್ಯರೇ,

ಬೇಸಿಗೆ ಮಧ್ಯಾಹ್ನ ನಮ್ಮ ಬೀದಿಯ ಕಬ್ಬಿನ ಹಾಲಿನ ಗಾಡಿ ಪಕ್ಕ ಐದು ನಿಮಿಷ ನಿಂತರೆ ಸಾಕು. ಬಿಸಾಡಿದ ಲೋಟದ ತಳದಲ್ಲಿ ಉಳಿದ ಗುಟುಕು ರಸಕ್ಕೆ ಜೇನ್ನೊಣ ಇಳಿಯುತ್ತದೆ, ನುಣುಪು ಗೋಡೆ ಹತ್ತಲಾಗದೆ ರೆಕ್ಕೆ ಅಂಟಿ ಅಲ್ಲೇ ಸಾಯುತ್ತದೆ. ಒಮ್ಮೆ ಒಂದೇ ಲೋಟದಲ್ಲಿ ಹನ್ನೊಂದು ಎಣಿಸಿದೆವು. ರಸದ ಆಸೆ ಒಂದು ಕಡೆ, ನೀರಿನ ಬರ ಇನ್ನೊಂದು ಕಡೆ. ಮರಿಗಳಿರುವ ಗೂಡನ್ನು ಸುಮಾರು 35 ಡಿಗ್ರಿಯಲ್ಲಿಡಲು ಅವು ನೀರು ತಂದು ಒಳಗೆ ಹಚ್ಚಿ ರೆಕ್ಕೆ ಬೀಸಬೇಕು. ನಮ್ಮೂರ ಏಪ್ರಿಲ್ ಬಿಸಿಲು ತಮಗೆ ಗೊತ್ತೇ ಇದೆ.

ಕಳೆದ ಮಾರ್ಚ್‌ನಲ್ಲಿ ನಾಲ್ಕು ಮನೆಯವರು ಸೇರಿ ಒಂದು ಪ್ರಯತ್ನ ಮಾಡಿದೆವು. ಖಾಲಿ ಎಣ್ಣೆ ಕ್ಯಾನನ್ನು ಅಡ್ಡಕ್ಕೆ ಸೀಳಿ, ಸೀಗೆಪುಡಿ ಹಾಕಿ ಜಿಡ್ಡು ತೊಳೆದು, ಒಡೆದ ಹೆಂಚಿನ ಚೂರು ತುಂಬಿ, ಚೂರಿನ ತಲೆ ಮುಳುಗದಷ್ಟು ನೀರು ಹಾಕಿ ಕಾಂಪೌಂಡಿನ ನೆರಳಲ್ಲಿಟ್ಟೆವು. ಫಿಲ್ಟರ್ ನೀರಿಗೆ ಮೂರು ದಿನ ಒಂದು ನೊಣವೂ ಸುಳಿಯಲಿಲ್ಲ. ನಾಲ್ಕನೇ ದಿನ ಹಿತ್ತಲ ತೊಟ್ಟಿಯ ಪಾಚಿ ನೀರು ಸುರಿದ ಮೇಲೆ ಬಂದವು. ಅವಕ್ಕೆ ವಾಸನೆ, ಉಪ್ಪು ಇರುವ ನೀರೇ ರುಚಿ! ಮೊದಲು ಕೋಲುಜೇನು, ಆಮೇಲೆ ತುಡುವೆ ಜೇನು. ಹೆಂಚಿನ ಮೇಲೆ ಕೂತು ಹೊಟ್ಟೆ ಹಿಗ್ಗಿಸಿ ಕುಗ್ಗಿಸಿ ಕುಡಿದು ಹೋಗುತ್ತವೆ.

ಇದನ್ನೇ ಉದ್ಯಾನದ ಬೇಲಿ ಮಗ್ಗುಲಿಗೆ, ಮಕ್ಕಳ ಆಟದ ಜಾಗದಿಂದ ದೂರಕ್ಕೆ, ಹತ್ತು ಕಡೆ ಇಡುವ ಆಸೆ. ಒಣ ಕಸದ ಗಾಡಿಗೆ ಬರುವ ದಪ್ಪ ಕ್ಯಾನು, ಒಡೆದ ಬಕೆಟ್, ಹಾಲಿನ ಕವರ್‌ಗಳನ್ನು ಬೇರೆ ತೆಗೆದಿಟ್ಟು ವಾರಕ್ಕೊಮ್ಮೆ ನಮಗೆ ಕೊಡಿಸಬೇಕು. ತ್ರಿಕೋನದೊಳಗೆ 2 ಎಂದು (ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಗುರುತು) ಅಚ್ಚಿರುವ ಕ್ಯಾನುಗಳಾದರೆ ಒಳ್ಳೆಯದು. ತೆಳು ಬಾಟಲಿ ಬಿಸಿಲಿಗೆ ಬಿರಿದು ಚೂರು ಮಣ್ಣು ಸೇರಿದರೆ ಕಸ ಕಳೆದಂತಲ್ಲ, ಬಿತ್ತಿದಂತೆ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ ಎಷ್ಟೇ ತೊಳೆದಿದ್ದರೂ ಬೇಡವೇ ಬೇಡ. ಹಾಲಿನ ಕವರ್‌ನಲ್ಲಿ ತುಳಸಿ, ಕಾಮಕಸ್ತೂರಿ ಸಸಿ ಎಬ್ಬಿಸುತ್ತೇವೆ. ತುಳಸಿ ತೆನೆ ಬಿಟ್ಟರೆ ಜೇನನ್ನು ಕರೆಯುವುದೇ ಬೇಡ.

ಸ್ಟ್ರಾಗಳನ್ನು ಕಟ್ಟಿ ಒಂಟಿ ಜೇನುಗಳಿಗೆ (ಗುಂಪಿಲ್ಲದೆ ಒಂದೊಂದೇ ಗೂಡು ಕಟ್ಟುವ ಜೇನು) ಗೂಡು ಮಾಡೋಣ ಎಂದು ನಮ್ಮಲ್ಲೇ ಕೆಲವರು ಅಂದರು. ನಾವು ಒಪ್ಪಲಿಲ್ಲ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾಗೆ ನಿಷೇಧವಿದೆ, ಅದಿರಲಿ. ಪ್ಲಾಸ್ಟಿಕ್ ಕೊಳವೆಯಲ್ಲಿ ತೇವ ನಿಂತು ಮರಿಗೆ ಬೂಷ್ಟು ಹಿಡಿಯುತ್ತದೆ. ಅರ್ಜೆಂಟೀನಾದಲ್ಲಿ ಎಲೆ ಕತ್ತರಿಸುವ ಒಂಟಿ ಜೇನೊಂದು ಬರೀ ಪ್ಲಾಸ್ಟಿಕ್ ಚೂರಿನಲ್ಲೇ ಗೂಡು ಕಟ್ಟಿದ್ದು 2019ರಲ್ಲಿ ವರದಿಯಾಯಿತು. ಅದನ್ನು ಜಾಣತನ ಎಂದು ಹೊಗಳಿದವರೂ ಇದ್ದಾರೆ, ನಮಗೆ ಹಾಗೆ ಕಾಣಲಿಲ್ಲ. ಆದ್ದರಿಂದ ಒಂಟಿ ಜೇನಿನ ಗೂಡಿಗೆ ಒಳಗೆ ಬಿದಿರು, ಜೋಳದ ದಂಟು. ಮಳೆ ತಡೆಯುವ ಸೂರಿಗೆ ಮಾತ್ರ ಸೀಳಿದ ಕ್ಯಾನು.

ಡೆಂಗಿ ಸೊಳ್ಳೆಯ ಪ್ರಶ್ನೆಯನ್ನು ಆರೋಗ್ಯ ಶಾಖೆಯವರು ಎತ್ತುತ್ತಾರೆ, ಎತ್ತಲೇಬೇಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರ ಬೇಕು. ನಾವು ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಒಳಗೋಡೆ, ಹೆಂಚು ಎಲ್ಲವನ್ನೂ ತೆಂಗಿನ ನಾರಿನಿಂದ ಉಜ್ಜಿ, ಚಿಟಿಕೆ ಉಪ್ಪು ಹಾಕಿ ಮತ್ತೆ ತುಂಬುತ್ತೇವೆ. ಯಾವ ಮನೆಯವರ ಸರದಿ ಯಾವ ದಿನ ಎಂಬ ಪಟ್ಟಿ ಲಗತ್ತಿಸಿದೆ. ಸರದಿ ತಪ್ಪಿದರೆ ಆ ತೊಟ್ಟಿಯನ್ನು ಅವತ್ತೇ ಕವುಚಿ ಇಡುವುದೆಂದು ಮಾತಾಗಿದೆ.

ಪಾಲಿಕೆಯಿಂದ ಹಣ ಕೇಳುತ್ತಿಲ್ಲ. ಕ್ಯಾನು, ಅನುಮತಿ, ಜೊತೆಗೆ ಉದ್ಯಾನದ ಗೇಟನ್ನು ಬೆಳಿಗ್ಗೆ ಆರಕ್ಕೇ ತೆಗೆಸಿದರೆ ಬಿಸಿಲೇರುವ ಮುಂಚೆ ನೀರು ತುಂಬಿ ಮುಗಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ನಿಟುವಳ್ಳಿಯ ನಿವಾಸಿಗಳು
(ಸಹಿಗಳು ಪ್ರತ್ಯೇಕ ಹಾಳೆಯಲ್ಲಿ)
ದಾವಣಗೆರೆ