ಸ್ವಿಸ್ ನಂತರ ನಾಕೌಟ್: ನಿಯಮ ಮೊದಲ ಸುತ್ತಿಗೆ ಮುನ್ನವೇ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಚೆಸ್ ಟೂರ್ನಿಗಳು ಸಾಲುಗಟ್ಟುತ್ತವೆ. ಸ್ವಿಸ್ ಸುತ್ತುಗಳು (ಸೋತವರೂ ಹೊರಬೀಳದೆ, ಆದಷ್ಟೂ ಸಮಾನ ಅಂಕದವರು ಎದುರಾಗುತ್ತಾ ಹೋಗುವ ಪದ್ಧತಿ) ಮುಗಿದ ಮೇಲೆ ಮೊದಲ ಎಂಟು ಮಂದಿಗೆ ನಾಕೌಟ್ ಆಡಿಸಬೇಕು, ಸಂಜೆಯ ಫೈನಲ್ ನೋಡಲು ಜನ ಸೇರಬೇಕು ಎಂಬ ಆಸೆ ಹಲವು ಸಂಘಟಕರಿಗಿದೆ. ಆಸೆ ಒಳ್ಳೆಯದೇ. ಸ್ವಿಸ್‌ನ ಕೊನೆಯ ಸುತ್ತಿನಲ್ಲಿ ಮೊದಲ ಬೋರ್ಡಿನವರು ಬೇಗನೆ ಡ್ರಾ ಮಾಡಿಕೊಂಡು ಎದ್ದರೆ, ಚಾಂಪಿಯನ್ ಯಾರೆಂದು ತಿಳಿಯಲು ಎಲ್ಲರೂ ಪ್ರಿಂಟರಿನ ಮುಂದೆ ಕಾಯಬೇಕಾಗುತ್ತದೆ. ಅದಕ್ಕಿಂತ ಎದುರುಬದುರು ಕೂತು ಗೆಲ್ಲುವುದು ಆಟಗಾರರಿಗೂ ಗೌರವ. ಆದರೆ ಎರಡು ವಿಷಯಗಳನ್ನು ಟೂರ್ನಿಯ ನಿಯಮಪತ್ರವಾದ ಪ್ರಾಸ್ಪೆಕ್ಟಸ್‌ನಲ್ಲೇ ಅಚ್ಚು ಹಾಕಿಸದೆ ನಾಕೌಟಿಗೆ ಕೈ ಹಾಕಬಾರದು: ಒಳಗೆ ಬರುವವರ ಗೆರೆ ಎಲ್ಲಿ, ಸಮವಾದ ಪಂದ್ಯ ಮುಗಿಯುವುದು ಹೇಗೆ.

ಗೆರೆಯ ಲೆಕ್ಕವನ್ನೇ ಮೊದಲು ನೋಡೋಣ. 64 ಆಟಗಾರರು, 6 ಸುತ್ತು, ಗೆಲುವಿಗೆ ಒಂದು ಅಂಕ, ಡ್ರಾಗಳೇ ಇಲ್ಲ ಎಂದುಕೊಳ್ಳಿ. ಕೊನೆಗೆ 6 ಅಂಕದವರು ಒಬ್ಬರು, 5 ಅಂಕದವರು 6 ಮಂದಿ, 4 ಅಂಕದವರು 15 ಮಂದಿ ಇರುತ್ತಾರೆ. ಮೊದಲ ಏಳು ಸ್ಥಾನಕ್ಕೆ ತಕರಾರಿಲ್ಲ. ಎಂಟನೆಯ ಒಂದೇ ಒಂದು ಸ್ಥಾನಕ್ಕೆ 15 ಮಂದಿ. 128 ಆಟಗಾರರಿಗೆ 7 ಸುತ್ತು ಆಡಿಸಿದರೆ ಮಾತ್ರ ಲೆಕ್ಕ ಅಚ್ಚುಕಟ್ಟು: 7 ಅಂಕದವರು ಒಬ್ಬರು, 6 ಅಂಕದವರು 7 ಮಂದಿ, ಸರಿಯಾಗಿ ಎಂಟು. 256 ಮಂದಿಗೆ 8 ಸುತ್ತು ಆಡಿಸಿದರೆ ಒಂದೇ ಒಂದು ಆಟ ಸೋತವರಲ್ಲೂ ಒಬ್ಬರು ಹೊರಗುಳಿಯುತ್ತಾರೆ, ಏಕೆಂದರೆ 7 ಅಥವಾ ಹೆಚ್ಚು ಅಂಕದವರು ಒಂಬತ್ತು ಮಂದಿ. ಡ್ರಾಗಳು ಬಂದಾಗ ಅರ್ಧ ಅಂಕಗಳು ಈ ಗುಂಪುಗಳನ್ನು ಒಡೆಯುತ್ತವೆ, ಆದರೆ ಗೆರೆಯ ಮೇಲಿನ ನೂಕುನುಗ್ಗಲು ತಪ್ಪುವುದಿಲ್ಲ. ಹಾಗಾಗಿ ‘ಎಂಟು’ ಎಂಬ ಸಂಖ್ಯೆಯನ್ನು ಕಣ್ಣು ಮುಚ್ಚಿ ಹಾಕದೆ, ಎಷ್ಟು ಹೆಸರು ನೋಂದಣಿಯಾಗಬಹುದು, ಎಷ್ಟು ಸುತ್ತು ಆಡಿಸಲು ಸಾಧ್ಯ ಎಂದು ಕೂತು ಲೆಕ್ಕ ಹಾಕಬೇಕು.

ಆ 15 ಮಂದಿಯಲ್ಲಿ ಒಬ್ಬರನ್ನು ಆರಿಸುವ ಕೆಲಸವನ್ನು ಸಾಮಾನ್ಯವಾಗಿ ಬುಕೋಲ್ಜ್‌ಗೆ, ಅಂದರೆ ಎದುರಾಳಿಗಳು ಗಳಿಸಿದ ಅಂಕಗಳ ಮೊತ್ತಕ್ಕೆ ಒಪ್ಪಿಸುತ್ತಾರೆ. ಬಹುಮಾನದ ಕ್ರಮಾಂಕಕ್ಕೆ ಅದು ಸಾಕು. ಆದರೆ ಒಬ್ಬರನ್ನು ಒಳಗೆ ಬಿಟ್ಟು ಉಳಿದವರನ್ನು ಮನೆಗೆ ಕಳಿಸುವುದಕ್ಕೆ ಅದೊಂದೇ ಸಾಲದು. ಮೊದಲ ಸುತ್ತಿನ ಎದುರಾಳಿ ಯಾರೆಂಬುದು ಆಟಗಾರನ ಕೈಯಲ್ಲಿರುವುದಿಲ್ಲ. ನಮ್ಮ ಊರುಗಳ ಟೂರ್ನಿಗಳಲ್ಲಿ ಹೆಚ್ಚಿನ ಮಕ್ಕಳಿಗೆ ರೇಟಿಂಗ್ (ಆಟದ ಬಲ ತೋರಿಸುವ ಅಂಕ) ಇರುವುದಿಲ್ಲ. ರೇಟಿಂಗ್ ಇಲ್ಲದವರನ್ನು ಆರಂಭಿಕ ಪಟ್ಟಿಯಲ್ಲಿ ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸುವುದು ವಾಡಿಕೆ. ಮೊದಲ ಸುತ್ತಿನ ಜೋಡಿ ಆ ಪಟ್ಟಿಯಿಂದಲೇ ಆಗುತ್ತದೆ. ಹೀಗಾಗಿ ಹೆಸರಿನ ಮೊದಲಕ್ಷರವೂ ಬುಕೋಲ್ಜ್‌ನಲ್ಲಿ ಪಾಲು ಪಡೆಯುತ್ತದೆ. ಎರಡು ಸುತ್ತು ಸೋತು ಊಟಕ್ಕೆ ಹೋದ ಮಗು ವಾಪಸ್ ಬರದಿದ್ದರೆ, ಅದನ್ನು ಸೋಲಿಸಿದವರ ಮೊತ್ತಕ್ಕೂ ಪೆಟ್ಟು. ಆಡದ ಸುತ್ತುಗಳನ್ನು ಹೇಗೆ ಎಣಿಸಬೇಕೆಂಬ ಆಯ್ಕೆ ತಂತ್ರಾಂಶದಲ್ಲಿ ಬೇರೆಯೇ ಇರುತ್ತದೆ. ಅದನ್ನು ಮೊದಲೇ ನಿಗದಿ ಮಾಡದೆ ಕೊನೆಯಲ್ಲಿ ಬದಲಿಸಿದರೆ ಎಂಟನೆಯವರು ಹತ್ತನೆಯವರಾಗಬಹುದು. ಕನಿಷ್ಠಪಕ್ಷ, ಅತಿ ಕಡಿಮೆ ಅಂಕದ ಒಬ್ಬ ಎದುರಾಳಿಯನ್ನು ಕೈಬಿಡುವ ‘ಕಟ್-1’ ವಿಧಾನವನ್ನು ಮೊದಲ ಟೈ-ಬ್ರೇಕ್ (ಸಮಾನ ಅಂಕದವರನ್ನು ಬೇರ್ಪಡಿಸುವ ಅಳತೆ) ಆಗಿ ಇಡಬೇಕು. ಪರಸ್ಪರ ಆಡಿದ ಫಲಿತಾಂಶವನ್ನು ಮೊದಲಿಡಬಹುದಲ್ಲ ಎಂದು ಪೋಷಕರು ಕೇಳುತ್ತಾರೆ. ಸಮಬಲದ 15 ಮಂದಿಯಲ್ಲಿ ಎಲ್ಲರೂ ಎಲ್ಲರೊಡನೆ ಆಡಿರುವುದಿಲ್ಲವಾದ್ದರಿಂದ ಅಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ನ್ಯಾಯವಾದ ದಾರಿ ಬೋರ್ಡಿನ ಮೇಲೆಯೇ ಇದೆ. ಕೊನೆಯ ಸ್ಥಾನಕ್ಕೆ ಸಮಾನ ಅಂಕದವರು ಇಬ್ಬರೇ ಇದ್ದರೆ ಬಣ್ಣ ಬದಲಿಸಿ, ತಲಾ 3 ನಿಮಿಷ, ಪ್ರತಿ ನಡೆಗೆ 2 ಸೆಕೆಂಡ್ ಸೇರುವ ಎರಡು ಬ್ಲಿಟ್ಜ್ (ಅತಿವೇಗದ) ಆಟ. ಮೂವರು ಅಥವಾ ನಾಲ್ವರಿದ್ದರೆ ಎಲ್ಲರೂ ಎಲ್ಲರೊಡನೆ ಒಂದೊಂದು ಆಟ. ಅದಕ್ಕಿಂತ ಹೆಚ್ಚಿದ್ದರೆ ಟೈ-ಬ್ರೇಕ್ ಪ್ರಕಾರ ಮೊದಲ ನಾಲ್ವರನ್ನು ಕರೆದು ಅದೇ ರೀತಿ ಆಡಿಸಿ. ಇಂಥ ಒಂದು ಆಟಕ್ಕೆ 60 ನಡೆಯ ಲೆಕ್ಕದಲ್ಲಿ ಹೆಚ್ಚೆಂದರೆ 10 ನಿಮಿಷ. ಕಾಯಿ ಜೋಡಿಸುವುದೂ ಸೇರಿ ಕಾಲು ಗಂಟೆ. ನಾಲ್ವರ ಮೂರು ಸುತ್ತು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆ ಮುಕ್ಕಾಲು ಗಂಟೆ ಉಳಿಸಲು ಹೋಗಿ ಮಗುವೊಂದಕ್ಕೆ ‘ನೀನು ಅರ್ಧ ಬುಕೋಲ್ಜ್‌ನಿಂದ ಹೊರಗೆ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯ ವಿಷಯ, ಸಮವಾದ ಪಂದ್ಯ. 2024ರ ಡಿಸೆಂಬರ್ 31ರಂದು ನ್ಯೂಯಾರ್ಕ್‌ನಲ್ಲಿ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್ ಮುಗಿದ ರೀತಿ ಎಲ್ಲ ಸಂಘಟಕರಿಗೂ ಪಾಠ. ಮುಕ್ತ ವಿಭಾಗದಲ್ಲಿ 13 ಸುತ್ತಿನ ಸ್ವಿಸ್, ಆಮೇಲೆ ಎಂಟು ಮಂದಿಯ ನಾಕೌಟ್. ಫೈನಲ್‌ನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಇಯಾನ್ ನೆಪೊಮ್ನಿಯಾಶಿ ನಾಲ್ಕು ಆಟಗಳಲ್ಲಿ 2–2. ಯಾರಾದರೂ ಗೆಲ್ಲುವವರೆಗೆ ಒಂದೊಂದೇ ಆಟ ಆಡುತ್ತಾ ಹೋಗಬೇಕೆಂಬ ನಿಯಮದಂತೆ ಮತ್ತೆ ಆಡಿದ ಮೂರೂ ಆಟ ಡ್ರಾ. ಕೊನೆಗೆ ಪ್ರಶಸ್ತಿ ಹಂಚಿಕೊಳ್ಳುತ್ತೇವೆಂಬ ಇಬ್ಬರ ಕೋರಿಕೆಗೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಒಪ್ಪಿತು, ಟೀಕೆಯೂ ಬಂತು. ಕೊನೆ ಗೊತ್ತಿಲ್ಲದ ನಿಯಮವಿದ್ದರೆ ವಿಶ್ವಮಟ್ಟದಲ್ಲೇ ಹೀಗಾಗುತ್ತದೆ. ಪಂದ್ಯ ಸಮವಾದರೆ ನಿರ್ದಿಷ್ಟ ಸಂಖ್ಯೆಯ ಬ್ಲಿಟ್ಜ್ ಆಟ, ಆಮೇಲೂ ಸಮವಾದರೆ ಒಂದೇ ಒಂದು ಆರ್ಮಗೆಡ್ಡನ್ ಎಂದು ಬರೆದುಬಿಡಿ: ಬಿಳಿಗೆ 5 ನಿಮಿಷ, ಕಪ್ಪಿಗೆ 4 ನಿಮಿಷ, ಡ್ರಾ ಆದರೆ ಕಪ್ಪಿಗೆ ಜಯ, ಟಾಸ್ ಗೆದ್ದವರು ಬಣ್ಣ ಆರಿಸುತ್ತಾರೆ. ನಡೆಗೆ ಸೆಕೆಂಡ್ ಸೇರದ ಈ ಆಟದಲ್ಲಿ ಕೊನೆಯ ಅರ್ಧ ನಿಮಿಷ ಕಾಯಿ ಬೀಳುವುದು, ಕೈ ತಾಗುವುದು, ಕಾಯಿ ಸರಿಪಡಿಸುವ ಮೊದಲೇ ಗಡಿಯಾರ ಒತ್ತುವುದು ಎಲ್ಲವೂ ನಡೆಯುತ್ತದೆ. ಆ ಬೋರ್ಡಿಗೆಂದೇ ಒಬ್ಬ ಆರ್ಬಿಟರ್ (ತೀರ್ಪುಗಾರ) ನಿಂತಿರಬೇಕು. ಎರಡು ಬದಿಗೆ ಬೇರೆ ಬೇರೆ ಸಮಯ ಹಾಕಲು ಡಿಜಿಟಲ್ ಗಡಿಯಾರದಲ್ಲಿ ಕೈಯಿಂದಲೇ ಹೊಂದಿಸಬೇಕಾಗುವುದರಿಂದ, ಹಿಂದಿನ ದಿನವೇ ಎರಡು ಗಡಿಯಾರ ಸಿದ್ಧಮಾಡಿ ಪಕ್ಕಕ್ಕಿಡುವುದು ಕ್ಷೇಮ. ಬಿಳಿಯ 5 ನಿಮಿಷ ಯಾವ ಬದಿಗಿದೆ ಎಂದು ಆಟಗಾರರಿಬ್ಬರೂ ನೋಡಿದ ಮೇಲೆಯೇ ಆಟ ಶುರುವಾಗಲಿ.

ಇನ್ನು ಸಮಯ. 15 ನಿಮಿಷ, ನಡೆಗೆ 5 ಸೆಕೆಂಡಿನ ಆಟ 60 ನಡೆಗೆ 40 ನಿಮಿಷ ಹಿಡಿಯುತ್ತದೆ. ಪೇರಿಂಗ್ (ಜೋಡಿ ಹಾಕುವ ಕೆಲಸ) ಸೇರಿ ಸುತ್ತಿಗೆ 50 ನಿಮಿಷ. ಏಳು ಸುತ್ತಿಗೆ ಸುಮಾರು ಆರು ಗಂಟೆ. ಅದರ ಮೇಲೆ ಎರಡೆರಡು ಆಟದ ಮೂರು ನಾಕೌಟ್ ಸುತ್ತು ಎಂದರೆ ಇನ್ನೂ ನಾಲ್ಕೂವರೆ ಗಂಟೆ, ಟೈ-ಬ್ರೇಕ್ ಬೇರೆ. ಒಂದೇ ದಿನದಲ್ಲಿ ಇದು ಆಗದ ಮಾತು. ಹಳ್ಳಿಯಿಂದ ಬಂದ ಮಕ್ಕಳಿಗೆ ಕೊನೆಯ ಬಸ್ಸು ತಪ್ಪುತ್ತದೆ. ಒಂದು ದಿನದ ಟೂರ್ನಿಯಾದರೆ ನಾಲ್ವರನ್ನು ಮಾತ್ರ ಆರಿಸಿ, ನಾಕೌಟನ್ನು 10 ನಿಮಿಷ, ನಡೆಗೆ 5 ಸೆಕೆಂಡಿನಂತೆ ಆಡಿಸಿ. ಸೆಮಿಫೈನಲ್, ಫೈನಲ್ ಎರಡೂ ಮೂರು ಗಂಟೆಯೊಳಗೆ ಮುಗಿಯುತ್ತವೆ. ಎಂಟು ಮಂದಿ ಬೇಕೇ ಬೇಕೆಂದರೆ ಎರಡು ದಿನ ಇಟ್ಟುಕೊಳ್ಳಿ.

ನಾಕೌಟ್ ಪಟ್ಟಿ ಹಾಕುವಾಗ ಸ್ವಿಸ್ ಸ್ಥಾನದ ಪ್ರಕಾರ 1–8, 4–5 ಒಂದು ಬದಿಗೆ, 2–7, 3–6 ಇನ್ನೊಂದು ಬದಿಗೆ. ಸ್ವಿಸ್‌ನಲ್ಲಿ ಆಡಿದವರೇ ಮತ್ತೆ ಎದುರಾದರೂ ಬದಲಿಸಬೇಡಿ, ಒಂದು ಸಲ ಬದಲಿಸಿದರೆ ಎಲ್ಲರೂ ಕೇಳುತ್ತಾರೆ. ನಾಕೌಟನ್ನು ತಂತ್ರಾಂಶದ ಸ್ವಿಸ್ ಕಡತದಲ್ಲೇ ಮುಂದಿನ ಸುತ್ತೆಂದು ಸೇರಿಸುವುದು ದೊಡ್ಡ ತಪ್ಪು. ಅಂಕಗಳು ಕೂಡಿಕೊಂಡು ಎಲ್ಲರ ಬುಕೋಲ್ಜ್ ಬದಲಾಗಿ, ವಯೋಮಿತಿ ಬಹುಮಾನಗಳೂ ಏರುಪೇರಾಗುತ್ತವೆ. ಹೊಸ ಕಡತ ತೆರೆಯಿರಿ. ವಯೋಮಿತಿ ಬಹುಮಾನಗಳನ್ನು ಸ್ವಿಸ್ ಮುಗಿದ ಕೂಡಲೇ ಕೊಟ್ಟು ಮಕ್ಕಳನ್ನು ಕಳಿಸಿಕೊಡಿ.

ಸ್ವಿಸ್‌ನಲ್ಲಿ ಮೊದಲಿಗರಾದವರಿಗೆ ಪ್ರತ್ಯೇಕ ಬಹುಮಾನ ಇರಲೇಬೇಕು. ನ್ಯೂಯಾರ್ಕ್‌ನ ಅದೇ ಕೂಟದ ಮಹಿಳಾ ವಿಭಾಗದಲ್ಲಿ ನಮ್ಮ ಆರ್. ವೈಶಾಲಿ 11 ಸುತ್ತಿನ ಸ್ವಿಸ್‌ನಲ್ಲಿ 9.5 ಅಂಕಗಳೊಂದಿಗೆ ಅಗ್ರಸ್ಥಾನ ಪಡೆದರು. ಸೆಮಿಫೈನಲ್‌ನಲ್ಲಿ ಜು ವೆನ್‌ಜುನ್‌ಗೆ ಸೋತು ಕಂಚು ಪಡೆದರು. ಫುಟ್‌ಬಾಲ್‌ನಲ್ಲೂ ಹಾಗೆಯೇ: 2024–25ರ ಚಾಂಪಿಯನ್ಸ್ ಲೀಗ್‌ನ 36 ತಂಡಗಳ ಮೊದಲ ಹಂತದಲ್ಲಿ ಲಿವರ್‌ಪೂಲ್ ಮೊದಲನೆಯದು, ಪ್ಯಾರಿಸ್ ಸೇಂಟ್ ಜರ್ಮೇನ್ 15ನೆಯದು. ನಾಕೌಟ್‌ನಲ್ಲಿ ಲಿವರ್‌ಪೂಲ್ ತಂಡವನ್ನು ಹೊರಗೆ ಹಾಕಿ ಕಪ್ ಎತ್ತಿದ್ದು ಪ್ಯಾರಿಸ್. ನಾಕೌಟ್ ಎಂದರೆ ಹೀಗೆಯೇ, ಅದರಲ್ಲಿ ತಪ್ಪಿಲ್ಲ. ಆದರೆ ಇಡೀ ದಿನ ಸೋಲದೆ ಆಡಿದ ಹುಡುಗಿ ಸಂಜೆ ಒಂದು ಪಂದ್ಯ ಸೋತು ಬರಿಗೈಲಿ ಹೋಗಬಾರದು. ಮೊದಲ ಆಟದ ಬಣ್ಣ ಆರಿಸುವ ಹಕ್ಕನ್ನೂ ಮೇಲಿನ ಕ್ರಮಾಂಕದವರಿಗೇ ಕೊಡಬಹುದು.

ಕೊನೆಯ ಸ್ವಿಸ್ ಸುತ್ತಿನಲ್ಲಿ ಡ್ರಾ ಸಾಕಾಗುವ ಇಬ್ಬರು ನಾಲ್ಕು ನಡೆಗೆ ಕೈಕುಲುಕುವುದನ್ನು ತಡೆಯಲು, 30 ನಡೆಗೆ ಮುಂಚೆ ಒಪ್ಪಂದದ ಡ್ರಾ ಇಲ್ಲ ಎಂದು ಬರೆಯಲು ಫಿಡೆ ನಿಯಮದಲ್ಲೇ ಅವಕಾಶವಿದೆ. ಒಂದೇ ಸ್ಥಿತಿಯನ್ನು ಮೂರು ಸಲ ತಂದು ಡ್ರಾ ಪಡೆಯುವುದನ್ನು ಅದು ತಡೆಯದು. ಆದರೂ ಅರ್ಧದಷ್ಟಾದರೂ ಉಪಯೋಗ. ಕೊನೆಗೆ ಮುಂಚಿನ ಸುತ್ತಿನಲ್ಲೇ ಮುಂದಿರುವವರನ್ನು ನಾಕೌಟಿಗೆ ನಿಲ್ಲುತ್ತೀರಾ ಎಂದು ಕೇಳಿ ಸಹಿ ಪಡೆಯಿರಿ. ಪಟ್ಟಿ ಪ್ರಕಟವಾಗುವ ಮೊದಲು ಯಾರಾದರೂ ಹಿಂದೆ ಸರಿದರೆ ಒಂಬತ್ತನೆಯವರು ಬರುತ್ತಾರೆ, ಆಮೇಲೆ ಸರಿದರೆ ಎದುರಾಳಿಗೆ ವಾಕೋವರ್. ಸ್ವಿಸ್ ಪಟ್ಟಿಯನ್ನು ‘ತಾತ್ಕಾಲಿಕ’ ಎಂದು ಅಂಟಿಸಿ 15 ನಿಮಿಷ ಆಕ್ಷೇಪಣೆಗೆ ಬಿಡಿ. ಐದನೇ ಸುತ್ತಿನಲ್ಲಿ 1–0 ಬದಲು 0–1 ನಮೂದಾಗಿದ್ದರೆ ಅದು ಸಿಕ್ಕಿಬೀಳುವುದು ಆಗಲೇ. ಕ್ವಾರ್ಟರ್‌ಫೈನಲ್ ಶುರುವಾದ ಮೇಲೆ ಸಿಕ್ಕಿದರೆ ಸರಿಪಡಿಸಲು ದಾರಿಯೇ ಇರುವುದಿಲ್ಲ.

ಇಂತಿ,
ಒಬ್ಬ ಚೆಸ್ ಆರ್ಬಿಟರ್
ಶಿವಮೊಗ್ಗ