ಶೇ ಎಂಜಿನ್ನಿನ ಆರು ಬಿಲ್ಲೆಗಳು

ಪ್ರಿಯ ಗೆಳೆಯಾ,

ನಮ್ಮ ಹಳೇ ಜಗಳ ಇವತ್ತಿಗೆ ತೀರಿತು ಅಂತ ತಿಳಿಸೋಕೆ ಈ ಕಾಗದ. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಎಂಜಿನ್ನಿನ ಅಡಿಗೆ ಬಗ್ಗಿ ನೋಡ್ತಾ ನೀನೇನು ಹೇಳಿದ್ದೆ, ನೆನಪಿದೆಯಾ? "ಸ್ಟೀಫನ್‌ಸನ್ ವಾಲ್ವ್ ಗೇರ್ ಅಂದ್ರೆ ಮುದಿ ಎತ್ತು ಕಣೋ. ವಾಲ್‌ಶಾರ್ಟ್ಸ್ ಬಂದ ಮೇಲೂ ಅದನ್ನೇ ಹಿಡ್ಕೊಂಡವರಿಗೆ ಬುದ್ಧಿ ಇರಲಿಲ್ಲ." ಸಿಲಿಂಡರಿಗೆ ಹಬೆ ಬಿಡುವ ವಾಲ್ವನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಜೋಡಣೆ ತಾನೇ ಈ ವಾಲ್ವ್ ಗೇರು, ಸ್ಟೀಫನ್‌ಸನ್ ವಾಲ್‌ಶಾರ್ಟ್ಸ್ ಎರಡೂ ಅದರ ಬಗೆಗಳು. ಆವತ್ತು ನನಗೆ ಉತ್ತರ ಹೊಳೆಯಲಿಲ್ಲ. ಕಳೆದ ವಾರ ವೆಸ್ಟ್ ವರ್ಜೀನಿಯಾದ ಕಾಸ್‌ ಊರಿಗೆ ಹೋಗಿದ್ದೆ, ಅಲ್ಲಿ ಸಿಕ್ಕಿತು.

ಕಾಸ್ ಒಂದು ಕಾಲಕ್ಕೆ ಮರ ಕಡಿಯುವವರ ಊರು. ಕಾಡಿನಿಂದ ದಿಮ್ಮಿ ಇಳಿಸುತ್ತಿದ್ದ ಹಳಿಗಳ ಮೇಲೆ ಈಗ ಪ್ರವಾಸಿಗಳನ್ನು ಬಾಲ್ಡ್ ನಾಬ್ ಗುಡ್ಡಕ್ಕೆ ಹತ್ತಿಸುತ್ತಾರೆ. ಕೆಲವು ಕಡೆ ನೂರಡಿಗೆ ಹನ್ನೊಂದಡಿ ಏರು! ನಮ್ಮನ್ನು ಹಿಂದಿನಿಂದ ತಳ್ಳಿದ್ದು 1905ರಲ್ಲಿ ಕಟ್ಟಿದ 5ನೇ ನಂಬರಿನ ಶೇ ಎಂಜಿನ್. ಮಿಷಿಗನ್ನಿನ ಮರದ ವ್ಯಾಪಾರಿ ಎಫ್ರೈಮ್ ಶೇ ತನ್ನ ದಿಮ್ಮಿ ಸಾಗಿಸೋಕೆ ಹೂಡಿದ ಉಪಾಯ ಇದು, 1881ರಲ್ಲಿ ಪೇಟೆಂಟ್ ಆಯಿತು.

ಎದುರಿನಿಂದ ನೋಡಿದರೆ ನಗು ಬರುತ್ತದೆ. ಸಿಲಿಂಡರ್‌ಗಳೆಲ್ಲ ಬಲಗಡೆ, ಡ್ರೈವರ್ ಕೂರುವ ಜಾಗದ ಮುಂದೆಯೇ ನೆಟ್ಟಗೆ ನಿಂತಿವೆ. ಆ ಭಾರಕ್ಕೆ ಸರಿದೂಗಲಿ ಅಂತ ಬಾಯ್ಲರನ್ನು ಎಡಕ್ಕೆ ಸರಿಸಿದ್ದಾರೆ. ಸೊಂಟದ ಮೇಲೆ ಕೊಡ ಇಟ್ಟುಕೊಂಡವಳು ಇನ್ನೊಂದು ಪಕ್ಕಕ್ಕೆ ವಾಲುತ್ತಾಳಲ್ಲ, ಹಾಗೆ. ಸಿಲಿಂಡರ್‌ಗಳ ಕೆಳಗೆ ಅವು ತಿರುಗಿಸುವ ಕ್ರ್ಯಾಂಕ್ ಶಾಫ್ಟ್. ಅದರಿಂದ ಹಿಂದಕ್ಕೂ ಮುಂದಕ್ಕೂ ಉದ್ದನೆಯ ಶಾಫ್ಟು ಹೋಗಿ, ಹಲ್ಲುಚಕ್ರಗಳ ಮೂಲಕ ಗಾಲಿಗಳ ಪ್ರತಿಯೊಂದು ಅಚ್ಚನ್ನೂ ತಿರುಗಿಸುತ್ತದೆ.

ಹೊರಡುವ ಮುಂಚೆ ಹತ್ತಿರ ನಿಂತು ನೋಡಿದೆ. ಸಿಲಿಂಡರ್ ಮೂರು. ಒಂದೊಂದಕ್ಕೂ ಶಾಫ್ಟಿನ ಮೇಲೆ ಎರಡೆರಡು ಎಕ್ಸೆಂಟ್ರಿಕ್, ಅಂದರೆ ನಡುವಿಗೆ ಕೂರದೆ ಪಕ್ಕಕ್ಕೆ ಜರುಗಿ ಕೂತ ಬಿಲ್ಲೆ. ಒಂದು ಮುಂದಕ್ಕೆ ಓಡಲು, ಇನ್ನೊಂದು ಹಿಂದಕ್ಕೆ. ಎರಡರ ಸರಳುಗಳೂ ಕತ್ತಿಯ ಹಾಗೆ ಬಾಗಿದ ಒಂದು ಲಿಂಕಿನ ಎರಡು ತುದಿಗೆ ಸೇರುತ್ತವೆ, ಆ ಲಿಂಕೇ ವಾಲ್ವನ್ನು ಆಡಿಸೋದು. ಒಟ್ಟು ಆರು ಬಿಲ್ಲೆ, ಮೂರು ಲಿಂಕ್. ಅಪ್ಪಟ ಸ್ಟೀಫನ್‌ಸನ್. ಗುಡ್ಡದ ಮಧ್ಯೆ ರೈಲು ಅಂಕುಡೊಂಕಾಗಿ ದಿಕ್ಕು ಬದಲಿಸುವ ಜಾಗ ಬಂದಾಗ ಡ್ರೈವರ್ ಲಿವರ್ ಎಳೆದ. ಮೂರೂ ಲಿಂಕು ಒಟ್ಟಿಗೆ ಜರುಗಿದವು, ಎಂಜಿನ್ನು ಒಂದು ಉಸಿರು ಬಿಟ್ಟು ಬಂದ ದಿಕ್ಕಿಗೇ ತಿರುಗಿ ಹೊರಟಿತು.

ಈಗ ನಿನ್ನ ಮುದಿ ಎತ್ತಿನ ವಿಚಾರ. ಅಮೆರಿಕದ ಸಾಮಾನ್ಯ ಎಂಜಿನ್‌ಗಳಲ್ಲಿ ಸ್ಟೀಫನ್‌ಸನ್ ಗೇರ್ ಇರುತ್ತಿದ್ದದ್ದು ಫ್ರೇಮುಗಳ ನಡುವೆ, ಕತ್ತಲಲ್ಲಿ. ಎಣ್ಣೆ ಹಾಕೋಕೂ ಒಳಗೆ ನುಸುಳಬೇಕು. ಸಾಲದ್ದಕ್ಕೆ ಬಿಲ್ಲೆಗಳು ಕೂತಿರುವುದು ಚಕ್ರದ ಅಚ್ಚಿನ ಮೇಲೆ. ಸ್ಪ್ರಿಂಗ್ ಮೇಲೆ ಅಚ್ಚು ಕುಣಿದಾಗಲೆಲ್ಲ ವಾಲ್ವಿನ ಲೆಕ್ಕವೂ ಅಷ್ಟಿಷ್ಟು ತಪ್ಪುತ್ತದೆ. ಶೇಯಲ್ಲಿ ಈ ಎರಡು ರೋಗವೂ ಇಲ್ಲ ಮಾರಾಯ! ಕ್ರ್ಯಾಂಕ್ ಶಾಫ್ಟ್ ಫ್ರೇಮಿಗೇ ಗಟ್ಟಿಯಾಗಿ ಕೂತಿದೆ. ಕೆಳಗೆ ಚಕ್ರಗಳನ್ನು ಹೊತ್ತ ಚೌಕಟ್ಟುಗಳು ಹೇಗೆ ಬೇಕಾದರೂ ಹೊರಳಾಡಲಿ, ಬಿಲ್ಲೆಗೂ ಸಿಲಿಂಡರಿಗೂ ನಡುವಿನ ಅಂತರ ಕದಲುವುದಿಲ್ಲ. ಎಲ್ಲ ಬಯಲಲ್ಲೇ ಇರೋದರಿಂದ ಕಾಡಿನಲ್ಲಿ ಕೆಟ್ಟರೆ ನೆಲದ ಮೇಲೆ ನಿಂತೇ ರಿಪೇರಿ. ದಿಮ್ಮಿ ಎಳೆಯುವ ಇನ್ನೊಂದು ಬಗೆಯ ಎಂಜಿನ್ನು ಹೈಸ್ಲರ್, ಅದಕ್ಕೆ ಈ ಭಾಗ್ಯ ಇಲ್ಲ. ಅದರ ಸಿಲಿಂಡರ್‌ಗಳು ಎರಡು ಪಕ್ಕದಿಂದ ಇಂಗ್ಲಿಷಿನ ವಿ ಅಕ್ಷರದ ಹಾಗೆ ಇಳಿದು ಬಾಯ್ಲರಿನ ಅಡಿಯಲ್ಲಿ ಕೂಡುತ್ತವೆ.

ಲಿಂಕನ್ನು ನಡುವಿಗೆ ತಂದ ಹಾಗೆ ಸ್ಟೀಫನ್‌ಸನ್‌ನಲ್ಲಿ ವಾಲ್ವ್ ತೆರೆಯುವ ಹೊತ್ತು ಬದಲಾಗುತ್ತದೆ, ವಾಲ್‌ಶಾರ್ಟ್ಸ್‌ನಲ್ಲಿ ಬದಲಾಗಲ್ಲ ಅನ್ನುತ್ತೀಯಾ. ಒಪ್ಪಿದೆ. ಮೇಲ್ ರೈಲಿಗೆ ಅದು ದೊಡ್ಡ ವಿಷಯ. ದಿಮ್ಮಿ ಹೊತ್ತು ತೆವಳುವ ಎಂಜಿನ್ನಿಗೆ ಬೇಕಾದದ್ದು ಲಿವರ್ ಪೂರ್ತಿ ತಳ್ಳಿ ಸಿಗುವ ಜಗ್ಗುವ ಶಕ್ತಿ. ಲೈಮಾ ಕಾರ್ಖಾನೆ 1945ರಲ್ಲಿ ಕೊನೆಯ ಶೇ ಕಟ್ಟಿದಾಗಲೂ ಸ್ಟೀಫನ್‌ಸನ್ನನ್ನು ಬಿಡಲಿಲ್ಲ.

ಸದ್ದಿನ ಬಗ್ಗೆ ಹೇಳದಿದ್ದರೆ ಹೇಗೆ! ಎರಡು ಸಿಲಿಂಡರಿನ ಸಾಮಾನ್ಯ ಎಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಚುಕ್ ಅನ್ನುತ್ತದೆ. ಇಲ್ಲಿ ಕ್ರ್ಯಾಂಕಿನ ಒಂದು ಸುತ್ತಿಗೇ ಆರು. ಚಕ್ರ ಒಂದು ಸುತ್ತು ಬರೋದರೊಳಗೆ ಕ್ರ್ಯಾಂಕು ಎರಡೂವರೆ ಸುತ್ತು ತಿರುಗುತ್ತೆ ಅಂತಿಟ್ಟುಕೋ, ಹದಿನೈದಾಯಿತು. ಕಣ್ಣು ಮುಚ್ಚಿ ಕೂತರೆ ಮೇಲ್ ರೈಲು ಧಾವಿಸಿದ ಹಾಗೆ, ಕಣ್ಣು ಬಿಟ್ಟರೆ ಪಕ್ಕದ ಮರ ಇನ್ನೂ ಪಕ್ಕದಲ್ಲೇ!

ಒಂದು ಮಾತು ಮಾತ್ರ ನಿನ್ನ ಪರವಾಗಿ. ಅಷ್ಟು ವೇಗವಾಗಿ ತಿರುಗುವ ಆರು ಬಿಲ್ಲೆ ಬಯಲಲ್ಲಿದ್ದರೆ ಎಣ್ಣೆ ಸುಮ್ಮನೆ ಕೂರುವುದಿಲ್ಲ. ಹತ್ತಿರ ನಿಂತ ತಪ್ಪಿಗೆ ಹೊಸ ಅಂಗಿಯ ಎಡತೋಳಿಗೆ ಸಿಡಿದಿದೆ. ಎರಡು ಸಲ ಒಗೆದೆ, ಹೋಗಿಲ್ಲ.

ನಿನ್ನವನೇ