ಶನಿವಾರದ ಒಂದು ತಾಸಿಗಾಗಿ ದೇಣಿಗೆ ಮನವಿ

ಊರಿನ ಹಿರಿಯರಿಗೆ, ಬೆಂಗಳೂರು, ಪುಣೆ, ಮುಂಬೈಗಳಲ್ಲಿ ದುಡಿಯುತ್ತಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಶರಣು ಶರಣಾರ್ಥಿ. ಬೆಳೆಯುವ ದೇಹದ ಬಗ್ಗೆ ಮಕ್ಕಳೊಂದಿಗೆ ಮಾತನಾಡಲು ಶಾಲೆಯಲ್ಲಿ ಶನಿವಾರ ಒಂದು ತಾಸು ಇಡುತ್ತಿದ್ದೇವೆ, ಅದಕ್ಕೆ ನಿಮ್ಮ ನೆರವು ಬೇಕು.

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಈ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವನು ನಾನು. ಹತ್ತನೆಯ ತರಗತಿಯ ಸಂತಾನೋತ್ಪತ್ತಿ ಪಾಠದಲ್ಲಿ ಹೂವಿನ ಪರಾಗಸ್ಪರ್ಶವನ್ನು ಉತ್ಸಾಹದಿಂದ ವಿವರಿಸಿ, ಮನುಷ್ಯರ ಭಾಗ ಬಂದೊಡನೆ ‘ಮನೆಯಲ್ಲಿ ಓದಿಕೊಳ್ಳಿ’ ಎನ್ನುತ್ತಿದ್ದೆ. ಯಾವ ಮನೆಯಲ್ಲಿ? ಅಪ್ಪ ಅವ್ವ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿ, ಅಜ್ಜಿಯೊಬ್ಬಳೇ ಉಳಿದ ಮನೆಯಲ್ಲಿ ಆ ಮಕ್ಕಳು ಯಾರನ್ನು ಕೇಳಬೇಕಿತ್ತು?

ಒಂದು ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟರೂ ಬೆಂಚಿನಿಂದ ಏಳಲಿಲ್ಲ. ಲಂಗಕ್ಕೆ ರಕ್ತ ಹತ್ತಿತ್ತು. ತನಗೆ ದೊಡ್ಡ ಜಡ್ಡು ಬಂದಿದೆ, ಸಾಯುತ್ತೇನೆ ಎಂದು ಅಳುತ್ತಿದ್ದಳು. ಬಿಸಿಯೂಟದ ಅಡುಗೆಯಾಕೆ ಬಂದು ಸೆರಗು ಹೊದಿಸಿ ಕರೆದೊಯ್ದರು. ನಾನು ಗೋಡೆ ನೋಡುತ್ತ ನಿಂತಿದ್ದೆ. ಹತ್ತಿ ಬಿಡಿಸುವ ದಿನಗಳು ಬಂದವು, ಅವಳು ಮತ್ತೆ ಶಾಲೆಗೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮದುವೆಯಾಯಿತೆಂದು ಕೇಳಿದೆ.

ಹುಡುಗರ ಸಂಕಟವಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ನಿದ್ದೆಯಲ್ಲಿ ವೀರ್ಯ ಹೋದರೆ ಮೈ ಸೊರಗುತ್ತದೆಂದು ಹೆದರಿ, ‘ಗುಪ್ತರೋಗಕ್ಕೆ ಚಿಕಿತ್ಸೆ’ ಎಂಬ ಗೋಡೆಬರಹ ನಂಬಿ, ಕೂಲಿಯ ದುಡ್ಡು ಕೊಟ್ಟು ಪುಡಿ ತರುತ್ತಾರೆ. ಅದು ಬೆಳೆಯುವ ದೇಹದ ಸಹಜ ಕ್ರಿಯೆ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು.

ಬರುವ ಜೂನ್‌ನಿಂದ ಪ್ರತಿ ಶನಿವಾರ ಒಂದು ತಾಸು, ಎಂಟರಿಂದ ಹತ್ತನೆಯ ತರಗತಿಯ ಹುಡುಗಿಯರೊಂದಿಗೆ ಒಬ್ಬ ಅಕ್ಕ, ಹುಡುಗರೊಂದಿಗೆ ಒಬ್ಬ ಅಣ್ಣ ಕೂರುತ್ತಾರೆ. ಇಬ್ಬರೂ ಇಲ್ಲಿಯೇ ಓದಿದವರು. ಅಕ್ಕ ನರ್ಸಿಂಗ್ ಕಲಿತಿದ್ದಾರೆ. ಹೆಸರಿಲ್ಲದ ಚೀಟಿ ಹಾಕಲು ಬೀಗದ ಪೆಟ್ಟಿಗೆ ಇರುತ್ತದೆ. ಮುಟ್ಟು, ರಕ್ತಹೀನತೆ, ಬೇಡದ ಸ್ಪರ್ಶವನ್ನು ತಡೆಯುವ ಬಗೆ, ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮೊದಲು ಮದುವೆ ಕೂಡದೆನ್ನುವ 2006ರ ಕಾಯ್ದೆ, ಮಕ್ಕಳ ಸಹಾಯವಾಣಿ 1098, ಎಲ್ಲವನ್ನೂ ಮಾತನಾಡುತ್ತೇವೆ. ಮಕ್ಕಳ ಮಾತು ಹೊರಗೆ ಹೋಗುವುದಿಲ್ಲ. ಲೈಂಗಿಕ ದೌರ್ಜನ್ಯವೆಂದು ತಿಳಿದರೆ ಮಾತ್ರ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಈ ಮಾತನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡುತ್ತೇವೆ, ನಂಬಿಸಿ ಕೈಬಿಟ್ಟಂತಾಗಬಾರದು.

ಇಲ್ಲದ್ದನ್ನು ಕಲಿಸಿ ಮಕ್ಕಳನ್ನು ಕೆಡಿಸುತ್ತೀರಿ ಎಂದು ಪಾಲಕರ ಸಭೆಯಲ್ಲಿ ಕೆಲವರು ಎದ್ದು ನಿಂತರು. ಅವರಿಗೆ ಉತ್ತರ ಕೊಟ್ಟವರು ತಾಯಂದಿರು: ‘ನಮಗೆ ಯಾರೂ ಹೇಳಲಿಲ್ಲ, ಇವರಿಗಾದರೂ ಹೇಳಲಿ.’

ಅಕ್ಕ, ಅಣ್ಣ ಇಬ್ಬರಿಗೂ ತಿಂಗಳಿಗೆ ತಲಾ 2,500 ರೂಪಾಯಿ ಗೌರವಧನದಂತೆ ಹತ್ತು ತಿಂಗಳಿಗೆ 50,000 ಬೇಕು. ಹುಡುಗಿಯರ ಶೌಚಾಲಯಕ್ಕೆ ನೀರಿನ ಟ್ಯಾಂಕ್, ಬಾಗಿಲಿಗೆ ಚಿಲಕ, ಮುಚ್ಚಳವಿರುವ ಕಸದ ಡಬ್ಬಿ, ತುರ್ತಿಗೆ ಪ್ಯಾಡ್‌ಗಳು ಸೇರಿ 25,000. ಒಟ್ಟು 75,000 ರೂಪಾಯಿ. ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ದೇಣಿಗೆಯನ್ನು ಶಾಲೆಯ ಕಚೇರಿಯಲ್ಲಿ ಮೇ ತಿಂಗಳ ಕೊನೆಯೊಳಗೆ ತಲುಪಿಸಿ. ಆಗಸ್ಟ್ 15ರಂದು ಲೆಕ್ಕವನ್ನು ಸೂಚನಾ ಫಲಕಕ್ಕೆ ಹಚ್ಚುತ್ತೇವೆ.

ಇಲ್ಲಿ ಓದಿದ ಅಕ್ಕಂದಿರೇ, ಜಾತ್ರೆಗೆ ಊರಿಗೆ ಬಂದಾಗ ಒಂದು ಶನಿವಾರ ಬಂದು ಹುಡುಗಿಯರ ನಡುವೆ ಕುಳಿತುಕೊಳ್ಳಿ.